‘ಗೋ’ಗೆ ‘ವೆಂಟ್’ ಎಲ್ಲಿಂದ ಬಂತು?

ಕನ್ನಡ ಮಾಧ್ಯಮದಲ್ಲಿ ಓದಿದವರ ಕಿವಿಯಲ್ಲಿ ಒಂದು ರಾಗ ಉಳಿದಿರುತ್ತದೆ. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಟೇಕ್, ಟುಕ್, ಟೇಕನ್. ರೈಡ್, ರೋಡ್, ರಿಡನ್. ಮಗ್ಗಿ ಹೇಳುವ ಹಾಗೆಯೇ ಇದನ್ನೂ ಇಡೀ ತರಗತಿ ಒಟ್ಟಾಗಿ ಹೇಳುತ್ತಿತ್ತು. ಆದರೆ ಮಗ್ಗಿಗೆ ಒಂದು ಲೆಕ್ಕವಿದೆ. ಏಳೆಂಟಲ ಮರೆತರೆ ಏಳೇಳಲಕ್ಕೆ ಏಳು ಕೂಡಿಸಿ ಪಾರಾಗಬಹುದು. ಈ ಪಟ್ಟಿಯಲ್ಲಿ ಅಂಥ ದಾರಿಯೇ ಇಲ್ಲ. ‘ವಾಕ್’ಗೆ ‘ವಾಕ್ಡ್’ ಆದರೆ ‘ಗೋ’ಗೆ ‘ಗೋಡ್’ ಯಾಕಾಗಬಾರದು ಎಂದು ಕೇಳಿದ ಹುಡುಗನಿಗೆ ಸಿಗುತ್ತಿದ್ದ ಉತ್ತರ ಒಂದೇ: ಅದು ಹಾಗೇ, ಬಾಯಿಪಾಠ ಮಾಡು.

ಮೇಷ್ಟ್ರ ತಪ್ಪಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ. ಆದರೆ ಹುಡುಗನ ಪ್ರಶ್ನೆಗೆ ಉತ್ತರವಂತೂ ಇದೆ, ಅದು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಹೋಗುವುದು, ಬರುವುದು, ಹತ್ತುವುದು, ಇಳಿಯುವುದು, ಗಾಡಿ ಹಿಡಿಯುವುದು, ಗಾಡಿ ತಪ್ಪುವುದು: ದಿನಾ ಓಡಾಡುವವರಿಗೆ ಬೇಕಾದ ಇಂಗ್ಲಿಷಿನ ಈ ಮಾತುಗಳನ್ನಷ್ಟೇ ತೆಗೆದುಕೊಂಡು ನೋಡಿದರೂ ಆ ಉತ್ತರದ ಬಹುಪಾಲು ಸಿಕ್ಕಿಬಿಡುತ್ತದೆ.

ಮೊದಲು ‘ಗೋ’. ಈ ಕ್ರಿಯಾಪದಕ್ಕೆ ಸ್ವಂತದ ಭೂತಕಾಲ ಇಂಗ್ಲಿಷಿನಲ್ಲಿ ಯಾವತ್ತೂ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಗಾನ್’ ಎಂದರೆ ಹೋಗುವುದು, ‘ಹೋದ’ ಎನ್ನಲು ‘ಏಓದೆ’ ಎಂಬ ಬೇರೆಯೇ ಮೂಲದ ಪದ. ಆಗಲೇ ಎರಡು ಮನೆಯ ಸಂಸಾರ. ಜೊತೆಗೆ ‘ವೆಂಡನ್’ ಎಂಬ ಇನ್ನೊಂದು ಕ್ರಿಯಾಪದವಿತ್ತು, ತಿರುಗು, ಹೊರಳು ಎಂದು ಅದರ ಅರ್ಥ. ತಿರುಗು ಎಂಬುದು ‘ಆ ಕಡೆಗೆ ತಿರುಗಿ ನಡೆ’ ಎಂದಾಗಿ, ಕ್ರಮೇಣ ‘ಹೋಗು’ ಎಂದೇ ಆಯಿತು. ‘ಸೆಂಡ್’ಗೆ ‘ಸೆಂಟ್’, ‘ಬೆಂಡ್’ಗೆ ‘ಬೆಂಟ್’, ‘ಸ್ಪೆಂಡ್’ಗೆ ‘ಸ್ಪೆಂಟ್’ ಆಗುವ ಹಾಗೆಯೇ ‘ವೆಂಡ್’ಗೆ ‘ವೆಂಟ್’. ಸುಮಾರು 15ನೆಯ ಶತಮಾನದ ಹೊತ್ತಿಗೆ ‘ಗೋ’ ತನ್ನ ಹಳೆಯ ಜೊತೆಗಾರನನ್ನು ಬಿಟ್ಟು ‘ವೆಂಟ್’ ಅನ್ನು ತನ್ನದಾಗಿಸಿಕೊಂಡಿತು. ಭೂತಕಾಲ ಕಳೆದುಕೊಂಡ ‘ವೆಂಡ್’ ತನಗೆ ‘ವೆಂಡೆಡ್’ ಎಂಬ ಹೊಸದೊಂದನ್ನು ಮಾಡಿಕೊಂಡು ಮೂಲೆ ಸೇರಿತು.

ಅಂದರೆ ಶಾಲೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಡ್ಡಾದಿಡ್ಡಿಯಾಗಿ ಕಾಣುವ ‘ವೆಂಟ್’ ತನ್ನ ತವರಿನಲ್ಲಿ ನೆಟ್ಟಗಿದ್ದ ಪದ. ಮದುವೆಯಾಗಿ ಬಂದ ಮನೆಯಲ್ಲಿ ಮಾತ್ರ ಅದು ಯಾರ ಮುಖಕ್ಕೂ ಹೋಲುವುದಿಲ್ಲ.

ಇದು ಇಂಗ್ಲಿಷಿನ ಮೊಂಡುತನ ಎಂದುಕೊಳ್ಳಬೇಕಾಗಿಲ್ಲ. ದೆಹಲಿಯಲ್ಲೋ ಮುಂಬೈಯಲ್ಲೋ ನೆಲೆಸಿದ ಕನ್ನಡಿಗರು ಇದೇ ಆಟವನ್ನು ದಿನಕ್ಕೆ ಹತ್ತಾರು ಸಲ ಆಡುತ್ತಾರೆ. ಹಿಂದಿಯಲ್ಲಿ ‘ಜಾತಾ ಹೈ’, ಆದರೆ ‘ಗಯಾ’. ಮರಾಠಿಯಲ್ಲಿ ‘ಜಾತೋ’, ಆದರೆ ‘ಗೇಲಾ’. ‘ಜಾ’ ಬಂದದ್ದು ಸಂಸ್ಕೃತದ ‘ಯಾ’ ಧಾತುವಿನಿಂದ, ‘ಗಯಾ’, ‘ಗೇಲಾ’ಗಳು ‘ಗಮ್’ ಧಾತುವಿನ ‘ಗತ’ದಿಂದ. ಅಲ್ಲೂ ಎರಡು ಧಾತು, ಒಂದು ಸಂಸಾರ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ‘ಗಾಡಿ ಗೇಲಿ’ ಎಂದು ತಡವರಿಸದೆ ಹೇಳುವ ಬಾಯಿ ‘ವೆಂಟ್’ ಕಂಡು ಬೆದರುವುದು ವಿಚಿತ್ರ. ವ್ಯತ್ಯಾಸ ಇಷ್ಟೇ, ‘ಗೇಲಿ’ ಬೀದಿಯಲ್ಲಿ ಸಿಕ್ಕಿತು, ‘ವೆಂಟ್’ ಬೆತ್ತದ ಜೊತೆ ಬಂತು.

ಇನ್ನು ‘ರೈಡ್’ ಮತ್ತು ‘ಡ್ರೈವ್’. ಇವುಗಳ ಭೂತಕಾಲ ಬೇರೆ ಮನೆಯಿಂದ ಬಂದದ್ದಲ್ಲ, ಒಳಗಿನ ಸ್ವರ ಬದಲಾಗಿ ಹುಟ್ಟಿದ್ದು. ಹಳೆಯ ಇಂಗ್ಲಿಷಿನಲ್ಲಿ ‘ರೀದನ್’ ಎಂದರೆ ಸವಾರಿ ಮಾಡುವುದು, ‘ರಾದ್’ ಎಂದರೆ ಸವಾರಿ ಮಾಡಿದ. ‘ದ್ರೀವನ್’ ಎಂದರೆ ಅಟ್ಟುವುದು, ‘ದ್ರಾವ್’ ಎಂದರೆ ಅಟ್ಟಿದ. ದನ ಅಟ್ಟುವುದು, ಹಿಂದಿನಿಂದ ದಬ್ಬುವುದು, ಅದೇ ಆಮೇಲೆ ಕುದುರೆಗಾಡಿ ಹೊಡೆಯುವುದಾಗಿ, ಕಡೆಗೆ ಕಾರು ಓಡಿಸುವುದಾಯಿತು. ಕನ್ನಡದಲ್ಲೂ ಗಾಡಿ ‘ಹೊಡೆಯುವುದು’ ಎಂದೇ ಅನ್ನುತ್ತೇವೆ, ಹೊಡೆಸಿಕೊಳ್ಳುತ್ತಿದ್ದದ್ದು ಎತ್ತಾದರೂ.

‘ರಾದ್’ ಎಂಬುದಕ್ಕೆ ಇನ್ನೊಂದು ಬಾಳೂ ಇತ್ತು. ಅದೇ ರೂಪ ನಾಮಪದವಾಗಿ ಸವಾರಿ, ಪ್ರಯಾಣ ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಸವಾರಿ ಎಂಬ ಅರ್ಥ ಜಾರಿ ಸವಾರಿ ಹೋಗುವ ದಾರಿ ಎಂಬ ಅರ್ಥ ಬಲವಾದದ್ದು 16ನೆಯ ಶತಮಾನದ ಕೊನೆಯ ಹೊತ್ತಿಗೆ. ಅದೇ ಇವತ್ತಿನ ರೋಡ್. ಕನ್ನಡ ಲಿಪಿಯಲ್ಲಿ ಬರೆದರೆ ರಸ್ತೆಯ ‘ರೋಡ್’ಗೂ ಸವಾರಿ ಮಾಡಿದ ‘ರೋಡ್’ಗೂ ವ್ಯತ್ಯಾಸವೇ ಕಾಣುವುದಿಲ್ಲ. ಇಂಗ್ಲಿಷಿನ ಕಾಗುಣಿತ ಬೇರೆ ಮಾಡಿ ತೋರಿಸುತ್ತದೆ ನಿಜ, ಆದರೆ ಇಲ್ಲಿ ಕನ್ನಡ ಲಿಪಿಯೇ ಇತಿಹಾಸಕ್ಕೆ ಹೆಚ್ಚು ಹತ್ತಿರ. ಸ್ಕಾಟ್‌ಲೆಂಡಿನವರ ಬಾಯಲ್ಲಿ ಅದೇ ಪದ ‘ರೇಡ್’ ಆಯಿತು, ಕುದುರೆ ಏರಿ ಬಂದು ಕೊಳ್ಳೆ ಹೊಡೆಯುವುದು. ಇವತ್ತು ಆದಾಯ ತೆರಿಗೆಯವರು ಮಾಡುವ ‘ರೇಡ್’ ಕೂಡ ರೋಡಿನ ತಮ್ಮನೇ.

ಹೀಗೆ ಸ್ವರ ಬದಲಿಸಿ ಭೂತಕಾಲ ಮಾಡುವ ಕ್ರಿಯಾಪದಗಳು ಹಳೆಯ ಇಂಗ್ಲಿಷಿನಲ್ಲಿ ಇಂದಿಗಿಂತ ಬಹಳ ಹೆಚ್ಚಿದ್ದವು. ‘ಹೆಲ್ಪ್’ಗೆ ಹಿಂದೊಮ್ಮೆ ‘ಹೋಲ್ಪ್’ ಇತ್ತು. ಎಷ್ಟು ಉಳಿದವು, ಎಷ್ಟು ಅಳಿದವು ಎಂದು ಹಾರ್ವರ್ಡ್‌ನ ಸಂಶೋಧಕರ ತಂಡವೊಂದು ಎಣಿಸಿ 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅವರು ಆರಿಸಿಕೊಂಡದ್ದು ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳು. ಅವುಗಳಲ್ಲಿ ಮಧ್ಯಕಾಲದ ಇಂಗ್ಲಿಷಿನವರೆಗೆ ಹಾಗೇ ಉಳಿದವು 145, ಇವತ್ತಿಗೆ ಉಳಿದಿರುವುದು 98. ಮಿಕ್ಕವೆಲ್ಲ ‘ಎಡ್’ ಪ್ರತ್ಯಯದ ಸಾಲಿಗೆ ಹೋಗಿ ನಿಂತವು. ಯಾವುದು ಉಳಿಯುತ್ತದೆ ಎಂಬುದಕ್ಕೆ ಅವರು ಕಂಡ ಸೂತ್ರ ಸರಳ: ನೂರು ಪಟ್ಟು ಕಡಿಮೆ ಬಳಕೆಯಾಗುವ ಪದ ಹತ್ತು ಪಟ್ಟು ಬೇಗ ನಿಯತವಾಗುತ್ತದೆ. ದಿನಾ ಬಾಯಿಗೆ ಬರುವ ಪದವನ್ನು ಮಕ್ಕಳು ರೂಢಿಯಿಂದಲೇ ಕಲಿತುಬಿಡುತ್ತಾರೆ, ಅಪರೂಪದ ಪದದ ಭೂತಕಾಲ ನೆನಪಾಗದೆ ಇದ್ದಾಗ ‘ಎಡ್’ ಹಚ್ಚಿ ಮುಂದೆ ಹೋಗುತ್ತಾರೆ.

ಅದಕ್ಕೆ ಒಳ್ಳೆಯ ಉದಾಹರಣೆ ಬಸ್ಸಿನೊಳಗೇ ಇದೆ. ಪ್ರಯಾಣ ಮಾಡುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಮುಖ್ಯ ಪದ ‘ಫರನ್’, ಅದರ ಭೂತಕಾಲ ‘ಫೋರ್’. ಜರ್ಮನ್ನಿನಲ್ಲಿ ಆ ಜೋಡಿ ಇವತ್ತಿಗೂ ಗಟ್ಟಿಯಾಗಿದೆ, ‘ಫಾರೆನ್’, ‘ಫೂರ್’ ಎಂದು. ಇಂಗ್ಲಿಷಿನಲ್ಲಿ ಅದರ ಕೆಲಸವನ್ನು ಬೇರೆ ಪದಗಳು ಕಿತ್ತುಕೊಂಡವು. ಬಳಕೆ ಕಡಿಮೆಯಾದಂತೆ ‘ಫೋರ್’ ಹೋಗಿ ‘ಫೇರ್ಡ್’ ಆಯಿತು. ಈಗ ಆ ಪದ ಬದುಕಿರುವುದು ಬೀಳ್ಕೊಡುವ ‘ಫೇರ್‌ವೆಲ್’ನಲ್ಲಿ ಮತ್ತು ಕಂಡಕ್ಟರು ಕೇಳುವ ‘ಫೇರ್’ನಲ್ಲಿ. ಒಂದು ಕಾಲದ ‘ಪ್ರಯಾಣ’ ಈಗ ಬರೀ ‘ಪ್ರಯಾಣದ ದುಡ್ಡು’.

ಈ ‘ಎಡ್’ ಎಲ್ಲಿಂದ ಬಂತು? ಪೂರ್ತಿ ಇತ್ಯರ್ಥವಾಗದಿದ್ದರೂ ಬಹಳ ಮಂದಿ ವಿದ್ವಾಂಸರು ಒಪ್ಪುವ ವಿವರಣೆ ಕನ್ನಡಿಗರಿಗೆ ನಗು ತರಿಸುವಂಥದ್ದು. ಅದು ‘ಮಾಡಿದ’ ಎಂಬ ಅರ್ಥದ ಪದ, ಅಂದರೆ ಇವತ್ತಿನ ‘ಡಿಡ್’ನ ಪೂರ್ವಜ, ಸವೆದು ಸವೆದು ಪ್ರತ್ಯಯವಾದದ್ದು. ಇಂಗ್ಲಿಷಿನ ದೂರದ ನೆಂಟನಾದ ಗಾಥಿಕ್ ಭಾಷೆಗೆ 4ನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲನ್ನು ಅನುವಾದಿಸಿದ. ಆ ಭಾಷೆಯಲ್ಲಿ ‘ಕಾಪಾಡಿದೆವು’ ಎನ್ನುವುದಕ್ಕೆ ‘ನಸಿದೇದುಂ’ ಎಂದಿದೆ. ಬಾಲದಲ್ಲಿರುವ ‘ದೇದುಂ’ ನೋಡಿದರೆ ‘ಮಾಡಿದೆವು’ ಎಂಬುದು ಇನ್ನೂ ಪೂರ್ತಿ ಸವೆದಿಲ್ಲ. ಸ್ವರ ಬದಲಿಸುವ ಹಳೆಯ ಸಾಲಿಗೆ ಸೇರಲಾರದ ಹೊಸ ಕ್ರಿಯಾಪದಗಳಿಗೆ ಜರ್ಮ್ಯಾನಿಕ್ ಭಾಷೆಗಳು ಕಂಡುಕೊಂಡ ಉಪಾಯ ಇದು: ಪದವನ್ನು ಇದ್ದ ಹಾಗೇ ಇಟ್ಟು ಹಿಂದೆ ‘ಮಾಡಿದ’ ಅಂಟಿಸು.

ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ಬೆಳೆಯುತ್ತಿರುವ ಕನ್ನಡದ ಹುಡುಗಿ ‘ಅಪ್ಪಾ, ನಾನು ಟ್ರೇನ್ ಕ್ಯಾಚ್ ಮಾಡಿದೆ’ ಎಂದಾಗ ಅವಳ ಬಾಯಲ್ಲಿ ನಡೆಯುತ್ತಿರುವುದೂ ಇದೇ. ಆ ಮಾತಿಗೆ ಆಮೇಲೆ ಬರೋಣ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಬಂದವು, ಪ್ರಯಾಣದ ಮಾತುಗಳೂ ಬಂದವು. ‘ಟ್ರಾವೆಲ್’ ಎಂಬುದು ‘ಕಷ್ಟಪಡು’ ಎಂಬ ಅರ್ಥದ ಫ್ರೆಂಚ್ ಪದ, ಆ ಕಾಲದ ರಸ್ತೆಗಳನ್ನು ನೆನೆದರೆ ಸರಿಯೇ. ‘ಜರ್ನಿ’ ಎಂದರೆ ಒಂದು ದಿನದಲ್ಲಿ ಕ್ರಮಿಸುವಷ್ಟು. ‘ಅರೈವ್’ ಎಂದರೆ ಅಕ್ಷರಶಃ ದಡ ಸೇರು. ಇವೆಲ್ಲ ಹೊರಗಿನಿಂದ ಬಂದವು, ಆದ್ದರಿಂದ ಎಲ್ಲಕ್ಕೂ ‘ಎಡ್’: ಟ್ರಾವೆಲ್ಡ್, ಜರ್ನೀಡ್, ಅರೈವ್ಡ್. ಕನ್ನಡದಲ್ಲೂ ಥೇಟ್ ಹೀಗೆಯೇ. ಮನೆಯ ಪದಗಳು ಹೋದ, ಬಂದ, ನಿಂತ, ಹೊರಟ ಎಂದು ಒಂದೊಂದು ಒಂದೊಂದು ದಿಕ್ಕಿಗೆ ಎಳೆದರೆ, ಸಂಸ್ಕೃತದಿಂದ ಬಂದು ‘ಇಸು’ ಹಚ್ಚಿಕೊಂಡವು ಪ್ರಯಾಣಿಸಿದ, ಸಂಚರಿಸಿದ, ಚಲಿಸಿದ ಎಂದು ಶಿಸ್ತಿನ ಸಾಲಾಗಿ ನಿಲ್ಲುತ್ತವೆ. ಭಾಷೆಯೊಂದರಲ್ಲಿ ಯಾರು ಹಳಬರು, ಯಾರು ಆಮೇಲೆ ಬಂದವರು ಎಂದು ತಿಳಿಯಬೇಕಾದರೆ ಅವರ ಭೂತಕಾಲ ನೋಡಿದರೆ ಬಹುಮಟ್ಟಿಗೆ ಸಾಕು.

ಬಹುಮಟ್ಟಿಗೆ ಎನ್ನಬೇಕಾದದ್ದು ‘ಕ್ಯಾಚ್’ ಇರುವುದರಿಂದ. ಅದೂ ನಾರ್ಮನ್ ಫ್ರೆಂಚೇ, ‘ಚೇಸ್’ ಎಂಬ ಪದದ ಒಡಹುಟ್ಟು, ಎರಡರ ಮೂಲ ಅರ್ಥವೂ ಬೇಟೆ. ಚೇಸ್ ‘ಚೇಸ್ಡ್’ ಆಯಿತು. ಕ್ಯಾಚ್ ಮಾತ್ರ, ಹಿಡಿ ಎಂಬ ಅರ್ಥವೇ ಇದ್ದ ‘ಲ್ಯಾಚ್’ ಎಂಬ ದೇಶೀ ಪದವನ್ನು ನೋಡಿ ಅದರ ಹಾಗೆಯೇ ‘ಕಾಟ್’ ಎಂದು ರೂಪ ಬದಲಿಸಿತು. ‘ಲ್ಯಾಚ್’ ತನ್ನ ಹಳೆಯ ಭೂತಕಾಲವನ್ನು ಆಮೇಲೆ ಬಿಟ್ಟುಬಿಟ್ಟಿತು, ಅನುಕರಿಸಿದ ಪದ ಉಳಿಸಿಕೊಂಡಿತು. ಹೊರನಾಡಿನ ಕನ್ನಡ ಸಂಘಗಳಲ್ಲಿ ಊರಿನವರಿಗಿಂತ ಕಟ್ಟುನಿಟ್ಟಾಗಿ ಹಬ್ಬ ಮಾಡುವವರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ‘ಕ್ಯಾಚ್ಡ್’ ಎಂಬ ರೂಪವೂ ಶತಮಾನಗಳ ಕಾಲ ಜೊತೆಯಲ್ಲೇ ಇತ್ತು, ಓದಿದವರೂ ಬರೆಯುತ್ತಿದ್ದರು. ಇವತ್ತು ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ.

ಆಮೇಲೆ ವಾಹನಗಳು ಬಂದವು. ಇಲ್ಲಿ ನಡೆದದ್ದೇ ಬೇರೆ: ಹೊಸ ವಾಹನಗಳು ಬಂದದ್ದು ಹೆಚ್ಚಾಗಿ ನಾಮಪದಗಳಾಗಿ, ಅವುಗಳನ್ನು ಏರುವ, ಓಡಿಸುವ ಕ್ರಿಯಾಪದಗಳು ಕುದುರೆಯ ಕಾಲದವೇ ಉಳಿದವು. ‘ಕೋಚ್’ ಎಂಬುದು ಹಂಗೇರಿಯ ಕೋಚ್ ಎಂಬ ಹಳ್ಳಿಯ ಹೆಸರು, ಒಳ್ಳೆಯ ಗಾಡಿ ಮಾಡುತ್ತಿದ್ದ ಊರು. ‘ಕ್ಯಾಬ್’ ಎಂಬುದು ಮೇಕೆಯ ನೆಗೆತ ಎಂಬ ಅರ್ಥದ ಪದದಿಂದ ಬಂದ ‘ಕ್ಯಾಬ್ರಿಯೋಲೆ’ಯ ತುಂಡು, ಹಗುರವಾದ ಗಾಡಿ ಕುಪ್ಪಳಿಸುತ್ತಿತ್ತಲ್ಲ. ‘ಟ್ಯಾಕ್ಸಿ’ ಎಂಬುದು ಬಾಡಿಗೆ ಅಳೆಯುವ ಮೀಟರಿನ ಹೆಸರು. ಜರ್ಮನಿಯಲ್ಲಿ ರೂಪುಗೊಂಡ ಆ ಯಂತ್ರ 1907ರಲ್ಲಿ ಲಂಡನ್ನಿನ ಬಾಡಿಗೆ ಗಾಡಿಗಳಿಗೆ ಕಡ್ಡಾಯವಾಯಿತು, ಮೀಟರಿನ ಹೆಸರೇ ಗಾಡಿಗೂ ಅಂಟಿತು. ‘ಟ್ರೇನ್’ ಎಂದರೆ ಎಳೆಯಲ್ಪಡುವುದು, ರಾಣಿಯ ಉಡುಪಿನ ನೆಲ ಗುಡಿಸುವ ಸೆರಗಿಗೂ ಅದೇ ಪದ. ಇಂಗ್ಲಿಷರು ಎಳೆಯಲ್ಪಡುವ ಡಬ್ಬಿಗಳ ಸಾಲನ್ನು ನೋಡಿ ಹೆಸರಿಟ್ಟರೆ, ಕನ್ನಡಿಗರು ಕೆಳಗಿನ ಕಂಬಿಯ ಹೆಸರನ್ನೇ ಗಾಡಿಗೆ ಕೊಟ್ಟು ‘ರೈಲು’ ಎಂದರು.

ಆಟೋರಿಕ್ಷಾದ್ದು ಇನ್ನೂ ಸ್ವಾರಸ್ಯ. ಜಪಾನಿ ಭಾಷೆಯಲ್ಲಿ ಅದು ‘ಜಿನ್‌ರಿಕಿಶಾ’. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಶಾ ಎಂದರೆ ಗಾಡಿ. ಇಂಗ್ಲಿಷಿಗೆ ಬರುವಾಗ ತಲೆಯಲ್ಲಿದ್ದ ‘ಮನುಷ್ಯ’ ಉದುರಿಹೋದ, ಮುಂದೆ ಆ ಜಾಗದಲ್ಲಿ ‘ತಾನೇ’ ಎಂಬ ಅರ್ಥದ ಗ್ರೀಕ್ ಪದ ‘ಆಟೋ’ ಬಂದು ಕೂತಿತು. ಬೆಂಗಳೂರಿನವರು ಗ್ರೀಕ್ ಅರ್ಧವನ್ನು ಇಟ್ಟುಕೊಂಡು ‘ಆಟೋ’ ಎನ್ನುತ್ತಾರೆ, ಪುಣೆ ಮುಂಬೈಯವರು ಜಪಾನಿ ಅರ್ಧವನ್ನು ಇಟ್ಟುಕೊಂಡು ‘ರಿಕ್ಷಾ’ ಎನ್ನುತ್ತಾರೆ.

ಆದರೆ ಎಲ್ಲಕ್ಕಿಂತ ಸೋಜಿಗದ್ದು ಬಸ್ಸು. ಫ್ರಾನ್ಸಿನ ನಾಂಟ್ ಎಂಬ ಊರಿನಲ್ಲಿ ಸ್ತಾನಿಸ್ಲಾ ಬೋದ್ರಿ ಎಂಬಾತ 1826ರಲ್ಲಿ, ಊರ ಹೊರಗಿದ್ದ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಗಾಡಿಯೊಂದನ್ನು ಓಡಿಸಿದ. ಜನ ಸ್ನಾನಕ್ಕಿಂತ ಹೆಚ್ಚಾಗಿ ದಾರಿ ನಡುವೆ ಹತ್ತಿ ಇಳಿಯುವುದಕ್ಕೆ ಅದನ್ನು ಬಳಸುವುದು ಕಂಡು ಗಾಡಿಯನ್ನೇ ಕಸುಬು ಮಾಡಿಕೊಂಡ. ಅದಕ್ಕೆ ‘ಓಮ್ನಿಬಸ್’ ಎಂದು ಹೆಸರಾಯಿತು, ಲ್ಯಾಟಿನ್ನಿನಲ್ಲಿ ‘ಎಲ್ಲರಿಗೆ’ ಎಂದರ್ಥ. 1829ರ ಜುಲೈ 4ರಂದು ಜಾರ್ಜ್ ಶಿಲಿಬೀರ್ ಎಂಬಾತ ಲಂಡನ್ನಿನಲ್ಲಿ ಮೂರು ಕುದುರೆಯ ಓಮ್ನಿಬಸ್ ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಜನ ಆ ಉದ್ದನೆಯ ಹೆಸರಿನ ತಲೆ ಕತ್ತರಿಸಿ ‘ಬಸ್’ ಎಂದರು.

ಕತ್ತರಿಸಿದ ಜಾಗ ನೋಡಿ. ‘ಓಮ್ನಿ’ ಎಂಬುದು ‘ಎಲ್ಲ’, ‘ಬಸ್’ ಎಂಬುದು ಬಹುವಚನದ ಚತುರ್ಥಿ ವಿಭಕ್ತಿ ಪ್ರತ್ಯಯ. ಕನ್ನಡದಲ್ಲಾದರೆ ‘ಎಲ್ಲರಿಗೆ’ ಎಂಬುದರಲ್ಲಿ ‘ಎಲ್ಲರಿ’ ಬಿಸಾಡಿ ‘ಗೆ’ ಮಾತ್ರ ಉಳಿಸಿಕೊಂಡ ಹಾಗೆ. ಒಂದು ಪ್ರತ್ಯಯ ಚಕ್ರ ಕಟ್ಟಿಕೊಂಡು ರಸ್ತೆಗೆ ಇಳಿಯಿತು. ‘ಬಸ್ಸಿಗೆ ಹೋದೆ’ ಎನ್ನುವ ಕನ್ನಡಿಗ ಒಂದು ಚತುರ್ಥಿಯ ಮೇಲೆ ಇನ್ನೊಂದು ಚತುರ್ಥಿ ಹೇರುತ್ತಾನೆ.

ಈಗ ‘ಐ ಟುಕ್ ದ ಬಸ್’ ಎಂಬ ನಾಲ್ಕು ಪದದ ವಾಕ್ಯ ತೆಗೆದುಕೊಳ್ಳಿ. ‘ಟೇಕ್, ಟುಕ್’ ಇಂಗ್ಲೆಂಡಿನದಲ್ಲ, ವೈಕಿಂಗರು ಹಡಗಿನಲ್ಲಿ ತಂದ ಪದ. ಅದು ಬರುವ ಮುನ್ನ ‘ನಿಮನ್’ ಎಂಬ ದೇಶೀ ಪದ ಆ ಕೆಲಸ ಮಾಡುತ್ತಿತ್ತು. ವೈಕಿಂಗರ ಭಾಷೆ ಹತ್ತಿರದ ಸಂಬಂಧದ್ದಾದ್ದರಿಂದ ‘ಟುಕ್’ ತನ್ನ ಸ್ವರ ಬದಲಾವಣೆಯನ್ನು ಹೊತ್ತುಕೊಂಡೇ ಬಂತು, ಯಾರೂ ತಕರಾರು ಮಾಡಲಿಲ್ಲ. ‘ಬಸ್’ ರೋಮಿನ ವಿಭಕ್ತಿ, ಫ್ರಾನ್ಸಿನ ಕಲ್ಪನೆ. ಬಸ್ಸಿನಿಂದ ಇಳಿಯುವುದಕ್ಕೆ ನಿಲ್ದಾಣದ ಫಲಕಗಳಲ್ಲಿ ಕಾಣುವ ‘ಅಲೈಟ್’ ಎಂಬುದರ ಮೂಲಾರ್ಥ ಹಗುರ ಮಾಡು ಎಂದು: ಕೆಳಗಿಳಿದು ಕುದುರೆಯ ಭಾರ ಕಡಿಮೆ ಮಾಡುವುದು. ಮೆಟ್ರೋದಿಂದ ಇಳಿಯುವವರು ಇವತ್ತಿಗೂ ಆ ಕುದುರೆಗೆ ಉಪಕಾರ ಮಾಡುತ್ತಲೇ ಇದ್ದಾರೆ. ಮೋಟಾರ್‌ ಸೈಕಲ್ಲನ್ನೂ ‘ರೋಡ್’, ಕಾರನ್ನೂ ‘ಡ್ರೋವ್’. ಸೈಕಲ್ಲು, ಟ್ಯಾಕ್ಸಿಗಳನ್ನೇ ಕ್ರಿಯಾಪದ ಮಾಡಿದರೆ ಮಾತ್ರ ತಪ್ಪದೆ ‘ಎಡ್’ ಬರುತ್ತದೆ: ಸೈಕಲ್ಡ್, ಟ್ಯಾಕ್ಸಿಡ್.

ಇಷ್ಟೆಲ್ಲ ಹೊಯ್ದಾಟ ನಡೆಯುತ್ತಿದ್ದ ಭಾಷೆ ಮೂರು ಕಾಲಮ್ಮಿನ ಕಲ್ಲಿನ ಶಾಸನವಾದದ್ದು ಯಾವಾಗ? 18ನೆಯ ಶತಮಾನದಲ್ಲಿ. 1762ರಲ್ಲಿ ಪಾದ್ರಿ ರಾಬರ್ಟ್ ಲೌತ್ ಒಂದು ಸಣ್ಣ ಇಂಗ್ಲಿಷ್ ವ್ಯಾಕರಣ ಬರೆದ. ಆಗ ಒಳ್ಳೆಯ ಲೇಖಕರೂ ಎರಡನೆಯ ಕಾಲಮ್ಮಿನ ರೂಪವನ್ನು ಮೂರನೆಯದರ ಜಾಗದಲ್ಲಿ ಬಳಸುತ್ತಿದ್ದರು, ‘ಹ್ಯಾಡ್ ರಿಡನ್’ ಎನ್ನುವಲ್ಲಿ ‘ಹ್ಯಾಡ್ ರೋಡ್’ ಎಂದು. ಲೌತ್ ಇಂಥದ್ದನ್ನು ತಪ್ಪೆಂದು ಸಾರಿದ, ಉದಾಹರಣೆಗಳನ್ನು ಮಿಲ್ಟನ್, ಡ್ರೈಡನ್, ಪೋಪ್‌ರಂಥವರಿಂದಲೇ ಎತ್ತಿಕೊಟ್ಟ. ಮಿಲ್ಟನ್ ತಪ್ಪು ಬರೆದ ಎನ್ನುವುದಕ್ಕಿಂತ, ಮಿಲ್ಟನ್ ಬರೆದದ್ದರಿಂದ ಅದು ತಪ್ಪಲ್ಲ ಎನ್ನುವುದು ಹೆಚ್ಚು ಸರಿಯಾಗುತ್ತಿತ್ತೇನೋ. ಆದರೆ ಗೆದ್ದದ್ದು ಲೌತ್. 1795ರಲ್ಲಿ ಯಾರ್ಕ್‌ನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ಲಿಂಡ್ಲಿ ಮರ್ರೆ ಬರೆದ ವ್ಯಾಕರಣ, ಲೌತ್‌ನ ತೀರ್ಪುಗಳನ್ನು ಶಾಲೆ ಶಾಲೆಗೂ ತಲುಪಿಸಿತು.

ಭಾರತಕ್ಕೆ ಇಂಗ್ಲಿಷ್ ಶಿಕ್ಷಣ ಬಂದದ್ದು ಈ ಬಾಗಿಲು ಮುಚ್ಚಿದ ಮೇಲೆ. ಮೆಕಾಲೆಯ ಟಿಪ್ಪಣಿ 1835ರದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿತು. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ಬೆಂಗಳೂರು ದಂಡುಪ್ರದೇಶಕ್ಕೆ ಬಂತು. ರೈಲೂ ಗೋ–ವೆಂಟ್–ಗಾನ್ ಪಟ್ಟಿಯೂ ಕನ್ನಡಿಗರಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಸಿಕ್ಕವು. ರೈಲಿನಲ್ಲಿ ಗುಮಾಸ್ತೆಯ ಕೆಲಸ ಸಿಗಬೇಕಾದರೆ ಪಟ್ಟಿ ಬರಬೇಕು. ಬ್ರಿಟಿಷ್ ಮಗು ಮೊದಲು ‘ವೆಂಟ್’ ಎಂದು, ನಡುವೆ ನಿಯಮ ಹೊಳೆದು ‘ಗೋಡ್’ ಎಂದು, ಮತ್ತೆ ‘ವೆಂಟ್’ಗೆ ಮರಳಿ ಆಡುತ್ತಲೇ ಕಲಿತದ್ದನ್ನು ಇಲ್ಲಿನ ಮಗು ಕಣ್ಣು ಮುಚ್ಚಿ ಉರು ಹೊಡೆಯಿತು. ನಡುವಿನ ‘ಗೋಡ್’ ಮಗು ನಿಯಮ ಕಲಿತಿದೆ ಎಂಬುದರ ಗುರುತು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇಲ್ಲಿ ಅದಕ್ಕೆ ಕೆಂಪು ಶಾಯಿ.

ಈ ಉರು ಹೊಡೆಯುವುದನ್ನು ಬಿಟ್ಟು ನೋಡೋಣ ಎಂದು ಹೊರಟ ಒಂದು ದೊಡ್ಡ ಪ್ರಯೋಗ ನಡೆದದ್ದೂ ಈ ಕಡೆಯಲ್ಲೇ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಅದನ್ನು ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಪ್ರಭು ಅವರ ವಾದ: ಮಕ್ಕಳ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ. ಹಾಗಾಗಿ ತರಗತಿಯಲ್ಲಿ ಕಾಲ, ಲಿಂಗ, ವಚನ ಎಂಬ ಪಾಠವೇ ಇಲ್ಲ. ಬದಲಿಗೆ ಬಿಡಿಸಬೇಕಾದ ಸಮಸ್ಯೆಗಳು. ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ರೈಲಿನ ವೇಳಾಪಟ್ಟಿ, ಊರಿನ ನಕ್ಷೆ. ಈ ಗಾಡಿ ಎಷ್ಟಕ್ಕೆ ಬಿಡುತ್ತದೆ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಇಂಥ ಹೊತ್ತಿಗೆ ಅಲ್ಲಿರಬೇಕಾದರೆ ಯಾವುದನ್ನು ಹಿಡಿಯಬೇಕು. ಮಗು ತಪ್ಪು ಇಂಗ್ಲಿಷಿನಲ್ಲಿ ಸರಿ ಉತ್ತರ ಹೇಳಿದರೆ ಉತ್ತರ ಸರಿ. ಮೇಷ್ಟ್ರು ಅದನ್ನೇ ನೆಟ್ಟಗಿನ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಮುಂದೆ ಹೋಗುತ್ತಿದ್ದರು.

ಫಲಿತಾಂಶವನ್ನು ಹೊರಗಿನವರು ಅಳೆದು 1985ರಲ್ಲಿ ವರದಿ ಬರೆದರು, ಅದು ಎಚ್ಚರಿಕೆಯ ಮೆಚ್ಚುಗೆ. ಪ್ರಭು ಅವರ 1987ರ ಪುಸ್ತಕ ಈ ಕ್ಷೇತ್ರದವರು ತಪ್ಪದೆ ಓದುವಂಥದ್ದಾಯಿತು. ಭಾರತದ ಶಾಲೆಗಳಲ್ಲಿ ಮಾತ್ರ ಪಟ್ಟಿ ಗೆದ್ದಿತು. ಕಾರಣ ಕಷ್ಟದ್ದೇನಲ್ಲ, ಅರವತ್ತು ಮಕ್ಕಳ ತರಗತಿಯಲ್ಲಿ ಪಟ್ಟಿಯನ್ನು ಒಪ್ಪಿಸಿಕೊಳ್ಳುವುದು ಸುಲಭ, ಅಂಕ ಹಾಕುವುದು ಇನ್ನೂ ಸುಲಭ. ವೇಳಾಪಟ್ಟಿಯಲ್ಲಿ ಒಂದು ಕೊರತೆಯೂ ಇದೆ ಎನ್ನಬೇಕು: ಅದು ಪೂರ್ತಿ ವರ್ತಮಾನಕಾಲದ್ದು, ಬಿಡುತ್ತದೆ, ತಲುಪುತ್ತದೆ. ಭೂತಕಾಲ ಬೇಕಾಗುವುದು ಗಾಡಿ ತಡವಾದಾಗ.

ಇಂಗ್ಲಿಷ್ ಕನ್ನಡಿಗರ ಬಾಯಿಗೆ ಹೊಂದಿಕೊಂಡದ್ದೂ ಇದೆ. ಬ್ರಿಟನ್ನಿನವರು ಬಸ್ಸಿನಿಂದ ‘ಗಾಟ್ ಆಫ್’, ಕಾರಿನಿಂದ ‘ಗಾಟ್ ಔಟ್’ ಎಂದು ಭೇದ ಮಾಡಿದರೆ ಇಲ್ಲಿ ಎರಡಕ್ಕೂ ‘ಗಾಟ್ ಡೌನ್’. ಕನ್ನಡದ ‘ಇಳಿದೆ’ ಅದರ ಕೆಳಗೆ ಕುಳಿತಿದೆ. ಎದುರು ದಿಕ್ಕಿನ ಓಡಾಟ ಇನ್ನೂ ಹೆಚ್ಚು. ಪುಣೆಯ ಹುಡುಗ ‘ಅಜ್ಜಿ, ರಿಕ್ಷಾ ತಗೊಂಡೆ’ ಎಂದರೆ, ಧಾರವಾಡದಿಂದ ಬಂದ ಅಜ್ಜಿ ‘ಎಷ್ಟು ಕೊಟ್ಟು ತಗೊಂಡ್ಯೋ?’ ಎಂದು ಗಾಬರಿಯಾಗಬಹುದು. ಕನ್ನಡದಲ್ಲಿ ರಿಕ್ಷಾ ಹಿಡಿಯುತ್ತಾರೆ, ತಗೊಳ್ಳುವವರು ಬ್ಯಾಂಕಿನಲ್ಲಿ ಸಾಲ ಮಾಡಿದವರು.

ಇದು ನಿಜಕ್ಕೂ ನಷ್ಟ. ‘ತಗೊಂಡೆ’ ಎನ್ನುವಾಗ ಕನ್ನಡದ ಕ್ರಿಯಾಪದವೊಂದರ ಅರ್ಥವನ್ನೇ ಇಂಗ್ಲಿಷ್ ಒಳಗಿನಿಂದ ಬದಲಿಸುತ್ತದೆ. ಆದರೆ ದೂರು ಬರುವುದು ಹೆಚ್ಚಾಗಿ ಅದರ ಮೇಲಲ್ಲ, ‘ಕ್ಯಾಚ್ ಮಾಡಿದೆ’, ‘ಮಿಸ್ ಮಾಡಿದೆ’ ಎಂಬವುಗಳ ಮೇಲೆ. ಮಕ್ಕಳ ಕನ್ನಡ ಕುಲಗೆಟ್ಟಿತು ಎಂದು ಹಿರಿಯರು ಕೊರಗುವುದು ಇವನ್ನು ಕೇಳಿಯೇ. ಪರಭಾಷೆಯ ಪದವನ್ನು ತಂದು, ಹಿಂದೆ ‘ಮಾಡು’ ಕಟ್ಟಿ, ಅದಕ್ಕೆ ತನ್ನ ಪ್ರತ್ಯಯಗಳನ್ನೆಲ್ಲ ಹಚ್ಚುವುದು ಭಾಷೆಯ ಸೋಲು ಎಂದಾದರೆ, ‘ಎಡ್’ ಹಚ್ಚಿದ ಪ್ರತಿ ಇಂಗ್ಲಿಷ್ ಪದವೂ ಇಂಗ್ಲಿಷಿನ ಸೋಲಾಗಬೇಕು.

‘ಮಿಸ್’ ಒಂದನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಐ ಮಿಸ್ಡ್ ದ ಬಸ್’ ಎಂಬುದು ಒಂದೇ ಮಾತು, ತಪ್ಪು ಯಾರದ್ದೆಂದು ಅದು ಹೇಳುವುದಿಲ್ಲ. ಹಳೆಯ ಕನ್ನಡದ ರೂಢಿಯಲ್ಲಿ ‘ನನಗೆ ಬಸ್ಸು ತಪ್ಪಿತು’. ತಪ್ಪಿದ್ದು ಬಸ್ಸು, ತಪ್ಪಿದ್ದು ನನಗೆ, ನಾನು ಏನೂ ಮಾಡಿಲ್ಲ. ನಗರದ ಮಕ್ಕಳು ಆ ವಾಕ್ಯವನ್ನು ಬಿಟ್ಟಿರಬಹುದು, ಅದರ ಲೆಕ್ಕಾಚಾರವನ್ನು ಬಿಟ್ಟಿಲ್ಲ. ‘ನನಗೆ ಬಸ್ ಮಿಸ್ ಆಯ್ತು’ ಎಂದರೆ ಬಸ್ಸು ಬೇಗ ಹೋಯಿತು, ನನ್ನ ಕೈಯಲ್ಲಿರಲಿಲ್ಲ. ‘ಬಸ್ ಮಿಸ್ ಮಾಡಿದೆ’ ಎಂದರೆ ಬೇಕೆಂದೇ ಬಿಟ್ಟಿರಲೂಬಹುದು. ‘ಬಸ್ ಮಿಸ್ ಮಾಡ್ಕೊಂಡೆ’ ಎಂದರೆ ತಪ್ಪು ನನ್ನದು, ಬೇಜಾರೂ ನನ್ನದು. ಆಫೀಸಿಗೆ ತಡವಾಗಿ ಬಂದವನು ಮೇಲಧಿಕಾರಿಗೆ ಮೊದಲನೆಯದನ್ನು ಹೇಳುತ್ತಾನೆ, ಹೆಂಡತಿಗೆ ಮೂರನೆಯದನ್ನು. ಇಂಗ್ಲಿಷಿಗೆ ಇಲ್ಲದ ಈ ಮೂರು ದಾರಿಗಳನ್ನು ಆ ಮಕ್ಕಳಿಗೆ ಯಾವ ಪಟ್ಟಿಯೂ ಕಲಿಸಿಲ್ಲ.

ಮನೆಯ ಹಳೆಯ ಪದಗಳು ಬಳಕೆಯ ಬಲದಿಂದ ಹೇಗೆ ಉಳಿದಿವೆ ಎಂಬುದನ್ನೂ ಅದೇ ಮಕ್ಕಳ ಬಾಯಲ್ಲಿ ಕೇಳಬಹುದು. ಡ್ರೈವ್ ಮಾಡು, ಬೋರ್ಡ್ ಮಾಡು, ಬುಕ್ ಮಾಡು, ಕ್ಯಾನ್ಸಲ್ ಮಾಡು ಎಲ್ಲ ಬಂದಿವೆ. ‘ಕಮ್ ಆಯ್ತು’, ‘ಗೋ ಆಯ್ತು’ ಎಂದು ಯಾರೂ ಅನ್ನುವುದಿಲ್ಲ. ಬಸ್ಸು ಇವತ್ತಿಗೂ ಬಂತು, ನಿಂತಿತು, ಹೊರಟಿತು, ಹೋಯಿತು. ನಾಲ್ಕೂ ನಾಲ್ಕು ಬೇರೆ ಬೇರೆ ದಾರಿಯ ಭೂತಕಾಲಗಳು, ಕನ್ನಡ ಕಲಿಯುವ ತಮಿಳರೋ ಮರಾಠಿಗರೋ ಕುಳಿತು ಬಾಯಿಪಾಠ ಮಾಡಬೇಕಾದಂಥವು. ನಡುದಾರಿಯಲ್ಲಿ ಕೆಟ್ಟರೆ ಮಾತ್ರ ‘ಬ್ರೇಕ್‌ಡೌನ್ ಆಯ್ತು’.